ಗೆಜಿರಾದ ಕಾಲುವೆಯೂ ವಲಸೆ ಕೂಲಿಕಾರರ ರೋಗವೂ

(ಕಾಮಗಾರರ ವಾಚನಾಲಯದಲ್ಲಿ ಭಾನುವಾರ ಸಂಜೆ ನಡೆದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇಂದು ನಾವು ಮಾತನಾಡಬೇಕೆಂದಿರುವುದು ಒಂದು ಹುಳುವಿನ ವಿಷಯ. ಬೋನಸ್ಸಿನ ಪ್ರಶ್ನೆ, ತುಟ್ಟಿಭತ್ಯದ ಪ್ರಶ್ನೆ, ಪೇಟೆಯ ಸುಂಕದ ಪ್ರಶ್ನೆ ಎಲ್ಲವೂ ಬಾಕಿ ಇರುವಾಗ ಸಾವಿರಾರು ಮೈಲಿ ದೂರದ ಸುಡಾನ್ ದೇಶದ ಹುಳುವಿನ ಗೊಡವೆ ನಮಗೇಕೆ ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಅದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇವೆ.

ನಯವಾದ ನೂಲಿಗೆ ಉದ್ದ ಎಳೆಯ ಹತ್ತಿ ಬೇಕೆಂಬುದು ಇಲ್ಲಿರುವ ನೂಲುವವರಿಗೆ ನಾವು ಹೇಳಿಕೊಡಬೇಕಾದುದಲ್ಲ. ನಮ್ಮ ದೇಶದ ಗಿರಣಿಗಳು ಬಹುಕಾಲ ಆ ಹತ್ತಿಯನ್ನು ಈಜಿಪ್ಟಿನಿಂದಲೂ ಸುಡಾನಿನಿಂದಲೂ ತರಿಸಿಕೊಂಡವು. ೧೯೭೨ರಲ್ಲಿ ಧಾರವಾಡದ ಸಂಶೋಧಕರು ವರಲಕ್ಷ್ಮಿ ಎಂಬ ಸಂಕರ ತಳಿಯನ್ನು ಕೊಟ್ಟ ಮೇಲೆ ಆ ಹಂಗು ಕಡಿಮೆಯಾಯಿತು. ಅದಕ್ಕೆ ಮುಂಚೆ ನಮ್ಮ ದೇಶದ ಕದಿರುಗಳಲ್ಲಿ ತಿರುಗಿದ ನಯವಾದ ಎಳೆಗಳಲ್ಲಿ ಎಷ್ಟೋ ಎಳೆಗಳನ್ನು ಗಿಡದಿಂದ ಬಿಡಿಸಿದ್ದು ಸುಡಾನಿನ ಕೂಲಿಕಾರರ ಕೈ. ಆ ಕೂಲಿಕಾರರಿಗೆ ಕುಡಿಯಲೂ ಮೀಯಲೂ ಸಿಕ್ಕಿದ್ದು ಕಾಲುವೆಯ ನೀರು. ಆ ನೀರಿನಲ್ಲಿ ಈ ಹುಳು ಇತ್ತು. ಸಂಬಂಧ ಇಷ್ಟು. ಸಣ್ಣ ಸಂಬಂಧವೇನಲ್ಲ.

ಗೆಜಿರಾ ಎಂಬ ಹತ್ತಿಯ ಹೊಲ

ಸುಡಾನಿನ ರಾಜಧಾನಿ ಖಾರ್ಟೂಮಿನಲ್ಲಿ ಬಿಳಿ ನೈಲ್ ಮತ್ತು ನೀಲಿ ನೈಲ್ ನದಿಗಳು ಕೂಡುತ್ತವೆ. ಅವೆರಡರ ನಡುವೆ ದಕ್ಷಿಣಕ್ಕೆ ಹಬ್ಬಿದ ಬಯಲಿಗೆ ಗೆಜಿರಾ ಎಂದು ಹೆಸರು. ಅರಬ್ಬೀ ಭಾಷೆಯಲ್ಲಿ ಹಾಗೆಂದರೆ ದ್ವೀಪ. ನಮ್ಮ ಎರೆಭೂಮಿಯಂಥ ಕಪ್ಪು ಮಣ್ಣು. ಲಂಕಾಶೈರಿನ ಗಿರಣಿ ಮಾಲಿಕರಿಗೆ ಹತ್ತಿ ಬೇಕಾಗಿತ್ತು. ಇಂಗ್ಲಿಷ್ ಸರ್ಕಾರಕ್ಕೆ ಸುಡಾನಿನಿಂದ ಕಂದಾಯ ಬೇಕಾಗಿತ್ತು. ನೀಲಿ ನೈಲ್ ನದಿಗೆ ಸೆನ್ನಾರ್ ಎಂಬಲ್ಲಿ ಕಟ್ಟಿದ ಅಣೆಕಟ್ಟು ೧೯೨೫ರಲ್ಲಿ ಮುಗಿಯಿತು. ನೀರು ಹರಿಯಿತು. ಆಡಳಿತ ಒಂದು ಇಂಗ್ಲಿಷ್ ಕಂಪನಿಯ ಕೈಗೆ ಹೋಯಿತು. ಹತ್ತಿಯ ಆದಾಯದಲ್ಲಿ ಗೇಣಿದಾರನಿಗೆ ನೂರಕ್ಕೆ ೪೦. ಉಳಿದ ೬೦ ಸರ್ಕಾರಕ್ಕೂ ಕಂಪನಿಗೂ.

೧೯೫೦ರಲ್ಲಿ ಕಂಪನಿಯ ಗುತ್ತಿಗೆ ಮುಗಿದು ಸರ್ಕಾರಿ ಮಂಡಳಿ ಬಂದಿತು. ೧೯೫೬ರ ಜನವರಿ ೧ರಂದು ಸುಡಾನ್ ಸ್ವತಂತ್ರವಾಯಿತು. ಆ ಬಳಿಕ ಮನಾಗಿಲ್ ಎಂಬ ಕಡೆಗೂ ಕಾಲುವೆಗಳು ಹೋಗಿ, ನೀರಾವರಿಯ ವಿಸ್ತೀರ್ಣ ಸುಮಾರು ೨೨ ಲಕ್ಷ ಎಕರೆಗೆ ಏರಿತು. ಒಂದೇ ಆಡಳಿತದ ಕೆಳಗೆ ಅಷ್ಟು ದೊಡ್ಡ ನೀರಾವರಿ ಜಗತ್ತಿನಲ್ಲೇ ಅಪರೂಪ.

ಇಷ್ಟು ಹತ್ತಿಯನ್ನು ಬಿಡಿಸುವವರು ಯಾರು? ಜನವರಿಯಿಂದ ಏಪ್ರಿಲ್‌ವರೆಗೆ ಹತ್ತಿ ಒಡೆಯುತ್ತದೆ. ಗೇಣಿದಾರನ ಮನೆಯವರಿಂದ ಅದು ಮುಗಿಯುವಂಥದಲ್ಲ. ಆದ್ದರಿಂದ ಪ್ರತಿವರ್ಷ ಲಕ್ಷಗಟ್ಟಲೆ ಜನ ಪಶ್ಚಿಮದ ಕೊರ್ದೊಫಾನ್, ದಾರ್ಫುರ್ ಪ್ರಾಂತ್ಯಗಳಿಂದ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬರುತ್ತಿದ್ದರು. ಇನ್ನೂ ದೂರದ ನೈಜೀರಿಯದ ಕಡೆಯ ಹೌಸಾ ಮತ್ತು ಫುಲಾನಿ ಜನರೂ ಇದ್ದರು. ಮೆಕ್ಕಾ ಯಾತ್ರೆಗೆ ಕಾಲ್ನಡಿಗೆಯಲ್ಲಿ ಹೊರಟವರು ದಾರಿಖರ್ಚಿಗೆಂದು ಇಲ್ಲಿ ಕೂಲಿಗೆ ನಿಲ್ಲುತ್ತಿದ್ದರು. ಒಂದು ಸುಗ್ಗಿ ಎರಡಾಗಿ, ಎರಡು ಹತ್ತಾಗಿ, ಅಲ್ಲಿಯೇ ಉಳಿಯುತ್ತಿದ್ದರು. ೧೯೦೩ರಲ್ಲಿ ಇಂಗ್ಲಿಷರು ಸೊಕೊಟೊ ರಾಜ್ಯವನ್ನು ಗೆದ್ದಾಗ ಊರು ಬಿಟ್ಟು ಬಂದವರೂ ಬಹಳ ಮಂದಿ. ಸೆನ್ನಾರ್ ಬಳಿಯ ಮೈಉರ್ನೊ ಎಂಬ ಊರು ಅಂಥವರದೇ. ಒಂದು ಕಡೆ ಇಂಗ್ಲಿಷರು ಅವರ ರಾಜ್ಯವನ್ನು ಕಿತ್ತುಕೊಂಡರು. ಇನ್ನೊಂದು ಕಡೆ ಅದೇ ಇಂಗ್ಲಿಷರ ಹತ್ತಿಯ ಹೊಲದಲ್ಲಿ ಅವರು ಅಗ್ಗದ ಕೂಲಿಗಳಾದರು.

ಈ ಕೂಲಿಕಾರರು ಇಳಿದುಕೊಂಡ ಗುಡಿಸಲುಗಳ ಗುಂಪಿಗೆ ಅಲ್ಲಿ ಕಂಬೋ ಎನ್ನುತ್ತಾರೆ. ಗೇಣಿದಾರರ ಊರುಗಳಿಗೆ ಕಾಲಕ್ರಮದಲ್ಲಿ ಬಾವಿಗಳು ಬಂದವು. ಕಂಬೋಗೆ ಬರಲಿಲ್ಲ. ಕಾರಣ ಕೇಳಿದರೆ, ಇವರು ತಾತ್ಕಾಲಿಕರು, ಸುಗ್ಗಿ ಮುಗಿದರೆ ಹೋಗುವವರು ಎಂಬ ಉತ್ತರ. ತಾತ್ಕಾಲಿಕರ ಮೊಮ್ಮಕ್ಕಳೂ ಅದೇ ಗುಡಿಸಲಿನಲ್ಲಿ ಹುಟ್ಟಿ ತಾತ್ಕಾಲಿಕರೆನಿಸಿಕೊಂಡರು.

ಹುಳುವಿನ ಬಾಳುವೆ

ಈಗ ರೋಗದ ವಿಷಯಕ್ಕೆ ಬರೋಣ. ಇದರ ಹೆಸರು ಬಿಲ್ಹಾರ್ಜಿಯಾ. ೧೮೫೧ರಲ್ಲಿ ಕೈರೋ ನಗರದ ಆಸ್ಪತ್ರೆಯಲ್ಲಿ ಹೆಣ ಕೊಯ್ದು ಪರೀಕ್ಷಿಸುವಾಗ ಈ ಹುಳುವನ್ನು ಕಂಡ ಜರ್ಮನ್ ವೈದ್ಯ ಥಿಯೊಡೋರ್ ಬಿಲ್ಹಾರ್ಜ್‌ನಿಂದ ಬಂದ ಹೆಸರು. ರೋಗ ಮಾತ್ರ ಬಹು ಹಳೆಯದು. ಸುಮಾರು ಮೂರು ಸಾವಿರ ವರ್ಷದ ಹಿಂದಿನ ಈಜಿಪ್ಟಿನ ಹೆಣಗಳಲ್ಲಿ ಇದರ ಮೊಟ್ಟೆಗಳು ಸುಣ್ಣಗಟ್ಟಿ ಉಳಿದಿದ್ದುದನ್ನು ೧೯೧೦ರಲ್ಲಿ ರಫರ್ ಎಂಬ ವಿಜ್ಞಾನಿ ತೋರಿಸಿಕೊಟ್ಟ.

ಹುಳುವಿನ ಉದ್ದ ಸುಮಾರು ಒಂದು ಸೆಂಟಿಮೀಟರು. ಗಂಡು ಹೆಣ್ಣು ಜೋಡಿಯಾಗಿ ಮನುಷ್ಯನ ರಕ್ತನಾಳದಲ್ಲಿ ವಾಸ. ಒಂದು ಜಾತಿ ಮೂತ್ರಕೋಶದ ಸುತ್ತಿನ ನಾಳಗಳಲ್ಲಿ, ಇನ್ನೊಂದು ಕರುಳಿನ ಸುತ್ತಿನ ನಾಳಗಳಲ್ಲಿ. ಹೆಣ್ಣುಹುಳು ದಿನಕ್ಕೆ ನೂರಾರು ಮೊಟ್ಟೆ ಇಡುತ್ತದೆ, ವರ್ಷಗಟ್ಟಲೆ ಬದುಕುತ್ತದೆ. ಕೆಲವು ಮೊಟ್ಟೆ ಮಲಮೂತ್ರದೊಡನೆ ಹೊರಬೀಳುತ್ತವೆ. ಉಳಿದವು ದೇಹದಲ್ಲೇ ಸಿಕ್ಕಿಕೊಳ್ಳುತ್ತವೆ. ರೋಗವನ್ನು ತರುವುದು ಹೀಗೆ ಸಿಕ್ಕಿಕೊಂಡ ಮೊಟ್ಟೆಗಳೇ. ಮೂತ್ರದಲ್ಲಿ ರಕ್ತ ಬೀಳುತ್ತದೆ. ಯಕೃತ್ತು ಗಟ್ಟಿಯಾಗುತ್ತದೆ, ಗುಲ್ಮ ಬೆಳೆಯುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಕೊನೆಗೆ ಕೆಲವರು ರಕ್ತ ಕಾರಿ ಸಾಯುತ್ತಾರೆ. ಕೆಲವರಿಗೆ ಮೂತ್ರಕೋಶದ ಕ್ಯಾನ್ಸರ್ ಬರುತ್ತದೆ. ಇದು ಕಾಲರಾದಂತೆ ಒಂದು ದಿನದಲ್ಲಿ ಕೊಲ್ಲುವ ರೋಗವಲ್ಲ. ಮಕ್ಕಳ ಬೆಳವಣಿಗೆಯನ್ನು ಕುಂಠಿಸಿ, ದೊಡ್ಡವರ ಕಸುವನ್ನು ಹೀರಿ, ಹತ್ತಿಪ್ಪತ್ತು ವರ್ಷ ಸುಲಿಯುವ ರೋಗ. ಬಡ್ಡಿಯ ಸಾಲದಂತೆ.

ಹೊರಬಿದ್ದ ಮೊಟ್ಟೆ ಸಿಹಿನೀರಿಗೆ ಬಿದ್ದರೆ ಒಡೆದು, ಕಣ್ಣಿಗೆ ಕಾಣದ ಒಂದು ಮರಿ ಈಜತೊಡಗುತ್ತದೆ. ಒಂದು ದಿನದೊಳಗಾಗಿ ಅದಕ್ಕೆ ತಕ್ಕ ಜಾತಿಯ ಬಸವನಹುಳು ಸಿಗಬೇಕು, ಸಿಗದಿದ್ದರೆ ಸತ್ತಿತು. ಸಿಕ್ಕಿದರೆ ಬಸವನಹುಳುವಿನ ಒಳಗೆ ಒಂದೆರಡು ತಿಂಗಳಲ್ಲಿ ಒಂದು ಸಾವಿರಾರಾಗಿ ಬಿಸಿಲಿನ ಹೊತ್ತಿಗೆ ನೀರಿಗೆ ಇಳಿಯುತ್ತವೆ. ಆಗ ನೀರಿಗಿಳಿದ ಮನುಷ್ಯನ ಚರ್ಮವನ್ನು ಕೆಲವೇ ನಿಮಿಷಗಳಲ್ಲಿ ಕೊರೆದು ಒಳಹೊಗುತ್ತವೆ. ನೀರನ್ನು ಕುಡಿಯಬೇಕೆಂದಿಲ್ಲ, ಕಾಲಿಟ್ಟರೆ ಸಾಕು. ಬಟ್ಟೆ ಒಗೆಯುವ ಹೆಂಗಸಿನ ಕೈ, ಈಜುವ ಹುಡುಗನ ಮೈ, ನೀರು ಕಟ್ಟುವ ಕೂಲಿಯ ಕಾಲು, ಎಲ್ಲವೂ ಅದಕ್ಕೆ ಬಾಗಿಲೇ. ೧೯೧೫ರಲ್ಲಿ ಈಜಿಪ್ಟಿನಲ್ಲಿ ಲೈಪರ್ ಎಂಬ ಇಂಗ್ಲಿಷ್ ವಿಜ್ಞಾನಿ ಈ ಬಸವನಹುಳುವಿನ ಪಾತ್ರವನ್ನು ತೋರಿಸಿದ. ಅಂದರೆ ಸೆನ್ನಾರ್ ಅಣೆಕಟ್ಟು ಮುಗಿಯುವುದಕ್ಕೆ ಹತ್ತು ವರ್ಷ ಮೊದಲೇ ವಿಷಯ ಗೊತ್ತಿತ್ತು. ಈ ಮಾತನ್ನು ನೆನಪಿನಲ್ಲಿಡಿ.

ತಪ್ಪು ಯಾರದು?

ಗೊತ್ತಿದ್ದೂ ಏನು ಮಾಡಿದರು? ಅಣೆಕಟ್ಟಿನ ಕೆಲಸಕ್ಕೆ ಬಂದ ಈಜಿಪ್ಟಿನ ಕೂಲಿಗಳನ್ನು ಗಡಿಯ ವಾದಿ ಹಲ್ಫಾದಲ್ಲಿ ತಡೆದು ಪರೀಕ್ಷೆ ಮಾಡಿದರು. ಪಶ್ಚಿಮದಿಂದ ಬರುವವರ ಮೇಲೂ ಕಣ್ಣಿಟ್ಟರು. ರೋಗ ಪರದೇಶಿ ಕೂಲಿಯ ಮೈಯಲ್ಲಿದೆ, ಅವನನ್ನು ತಡೆದರೆ ರೋಗವನ್ನು ತಡೆದಂತೆ ಎಂಬುದು ಅಧಿಕಾರಿಗಳ ಲೆಕ್ಕ. ಅಲ್ಲಿಂದ ಮುಂದೆ ರೋಗ ಹೆಚ್ಚಿದಾಗಲೆಲ್ಲ ಬೆರಳು ತೋರಿದ್ದು ವಲಸೆ ಬಂದವನ ಕಡೆಗೆ. ಕೊಳಕರು, ತಿಳಿವಳಿಕೆ ಇಲ್ಲದವರು, ಎಲ್ಲೆಂದರಲ್ಲಿ ಕೂರುವವರು ಎಂಬ ಮಾತು.

ಈ ವಾದವನ್ನು ಸ್ವಲ್ಪ ತೂಗಿ ನೋಡೋಣ. ಕೂಲಿಯ ಮೈಯಲ್ಲಿ ಹುಳು ಇದ್ದಿರಬಹುದು. ಆದರೆ ಬಸವನಹುಳು ಇಲ್ಲದ ಕಡೆ ಆ ಹುಳು ಒಬ್ಬನಿಂದ ಇನ್ನೊಬ್ಬನಿಗೆ ದಾಟಲಾರದು. ಬಸವನಹುಳುವಿಗೆ ನಿಂತ ನೀರು, ಪಾಚಿ, ಕಳೆ ಬೇಕು. ಒಣಬಯಲಿನಲ್ಲಿ ಅದನ್ನು ತಂದವರು ಯಾರು? ಗೆಜಿರಾದ ಕಾಲುವೆಗಳ ರಚನೆಯನ್ನು ನೋಡಿರಿ. ಹೊಲಕ್ಕೆ ಹಗಲಿನಲ್ಲಿ ಮಾತ್ರ ನೀರು ಬಿಡುವುದು, ರಾತ್ರಿ ಬಂದ ನೀರನ್ನು ಚಿಕ್ಕ ಕಾಲುವೆಗಳಲ್ಲೇ ತಡೆದು ನಿಲ್ಲಿಸುವುದು ಎಂದು ಇಂಜಿನಿಯರರು ಏರ್ಪಡಿಸಿದರು. ರಾತ್ರಿ ನೀರು ಕಟ್ಟುವ ತೊಂದರೆ ತಪ್ಪಿತು. ಆದರೆ ಸಾವಿರಾರು ಮೈಲಿಯ ಕಾಲುವೆ ರಾತ್ರಿಯೆಲ್ಲ ಕೆರೆಯಾಗಿ ನಿಂತು, ಕಳೆ ಬೆಳೆದು, ಬಸವನಹುಳುವಿಗೆ ತೊಟ್ಟಿಲಾಯಿತು. ಆ ಕಾಲುವೆಯ ನಕಾಶೆ ಬರೆದದ್ದು ದಾರ್ಫುರಿನ ಕೂಲಿಯಲ್ಲ.

ಈಜಿಪ್ಟಿನಲ್ಲಿ ಇದಕ್ಕೆ ಇನ್ನೂ ಸ್ಪಷ್ಟವಾದ ಸಾಕ್ಷ್ಯವಿದೆ. ಹಿಂದೆ ಅಲ್ಲಿ ನೈಲ್ ನದಿಯ ಪ್ರವಾಹ ವರ್ಷಕ್ಕೊಮ್ಮೆ ಹೊಲಕ್ಕೆ ನುಗ್ಗಿ, ಇಳಿದು, ಭೂಮಿ ಒಣಗುತ್ತಿತ್ತು, ಬಸವನಹುಳು ಸಾಯುತ್ತಿತ್ತು. ಹತ್ತಿಗಾಗಿ ವರ್ಷವಿಡೀ ನೀರು ಹರಿಸತೊಡಗಿದರು. ೧೯೩೦ರ ದಶಕದಲ್ಲಿ ಅಸ್ವಾನ್ ಪ್ರಾಂತ್ಯದ ನಾಲ್ಕು ಊರುಗಳಲ್ಲಿ ಹೀಗೆ ನೀರು ಬಂದ ಮೂರೇ ವರ್ಷಕ್ಕೆ, ಅಲ್ಲಿಯವರೆಗೆ ನೂರಕ್ಕೆ ಹತ್ತರ ಆಸುಪಾಸಿನಲ್ಲೋ ಅದಕ್ಕಿಂತ ಕಡಿಮೆಯೋ ಇದ್ದ ರೋಗ ನೂರಕ್ಕೆ ೪೪ರಿಂದ ೭೫ರವರೆಗೆ ಏರಿತು. ಆ ಊರುಗಳ ಜನ ಮೂರು ವರ್ಷದಲ್ಲಿ ಒಮ್ಮೆಗೇ ಕೊಳಕರಾದರೇ? ಬದಲಾದದ್ದು ನೀರಿನ ವ್ಯವಸ್ಥೆ.

ನೀರಾವರಿಯೇ ಬೇಡವೆಂದು ನಾವು ಹೇಳುತ್ತಿಲ್ಲ. ನೀರು ಬಡವನಿಗೆ ಅನ್ನ. ಆದರೆ ಅಣೆಕಟ್ಟಿನ ಅಂದಾಜುಪಟ್ಟಿಯಲ್ಲಿ ಕಲ್ಲಿಗೆ, ಗಾರೆಗೆ, ತೂಬಿಗೆ, ರೈಲಿಗೆ ಲೆಕ್ಕವಿರುವಾಗ, ಬೆಳೆ ಕೊಯ್ಯುವವನ ಬಾವಿಗೂ ಶೌಚದ ಮನೆಗೂ ಒಂದು ಸಾಲು ಇಲ್ಲದೆ ಹೋದದ್ದು ಏಕೆ? ಆ ಖರ್ಚನ್ನು ಉಳಿಸಿಕೊಂಡರು. ಉಳಿದ ಹಣ ಲಾಭವಾಯಿತು. ಅದರ ಬಾಬನ್ನು ಕೂಲಿ ತನ್ನ ಯಕೃತ್ತಿನಿಂದ ತೆತ್ತ.

೧೯೭೨ರಲ್ಲಿ ಟಾಂಜಾನಿಯದ ಒಂದು ಕಬ್ಬಿನ ತೋಟದಲ್ಲಿ ಕೂಲಿಗಳನ್ನು ಕುರಿತ ಒಂದು ಅಧ್ಯಯನ ಹೊರಬಂದಿತು. ರೋಗವಿರುವ ಕೂಲಿಯ ಬೋನಸ್ಸಿಗೂ ರೋಗವಿಲ್ಲದವನ ಬೋನಸ್ಸಿಗೂ ಎಷ್ಟು ಅಂತರವೆಂದು ನೋಡಿದರು. ಸಿಕ್ಕಿದ ಅಂತರ ನೂರಕ್ಕೆ ಕೆಲವೇ ಪಾಲು. ಮಾಲಿಕನ ಖಾತೆಯ ಪ್ರಕಾರ ಇದು ದೊಡ್ಡ ನಷ್ಟವಲ್ಲ. ಆದರೆ ಉಕ್ತೆ ಕೆಲಸ ಮಾಡಿದ ನಿಮಗೆ ಇದರ ಗುಟ್ಟು ಗೊತ್ತು. ಜ್ವರವಿದ್ದರೂ ನೀವು ತುಂಡು ಲೆಕ್ಕವನ್ನು ಮುಗಿಸಿಯೇ ಏಳುತ್ತೀರಿ. ಏಕೆಂದರೆ ಮುಗಿಸದಿದ್ದರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಕಬ್ಬಿನ ತೂಕ ಕಡಿಮೆಯಾಗಲಿಲ್ಲವೆಂದರೆ ರೋಗ ಹಗುರವಾಗಿತ್ತೆಂದಲ್ಲ. ತೂಕಕ್ಕೆ ಸಿಗುವುದು ಕಬ್ಬು. ಕೂಲಿ ಸವೆದದ್ದು ಯಾವ ತಕ್ಕಡಿಯಲ್ಲೂ ಬೀಳುವುದಿಲ್ಲ.

ಭಾರ ಕೆಳಕ್ಕೆ ಇಳಿಯುವ ಬಗೆ

ಇಲ್ಲಿ ಗೇಣಿದಾರನ ಮಾತನ್ನೂ ಹೇಳಬೇಕು. ಅವನು ಸಿರಿವಂತನಾಗಿರಲಿಲ್ಲ. ಒಂದು ಕಡೆ ಕಂಪನಿಯ ಇನ್‌ಸ್ಪೆಕ್ಟರ್, ಇನ್ನೊಂದು ಕಡೆ ಬೆಳೆಯ ಮೇಲೆ ಮುಂಗಡ ಕೊಟ್ಟು ಕೊಯ್ಲಿನಲ್ಲಿ ಅಗ್ಗಕ್ಕೆ ಬಾಚಿಕೊಳ್ಳುವ ಸಾಹುಕಾರ. ಆ ಪದ್ಧತಿಗೆ ಅಲ್ಲಿ ಶೈಲ್ ಎಂದು ಹೆಸರು. ನಮ್ಮ ಪೇಟೆಯ ಬಾಂಧವರಿಗೆ ಅದರ ವಿವರಣೆ ಬೇಕಿಲ್ಲ. ೧೯೪೬ರಲ್ಲಿ ಗೇಣಿದಾರರು ಒಗ್ಗಟ್ಟಾಗಿ, ತಮ್ಮ ಪಾಲಿನಿಂದ ಹಿಡಿದಿಟ್ಟ ಮೀಸಲು ನಿಧಿಯನ್ನು ಹಂಚುವವರೆಗೆ ಹತ್ತಿ ಬಿತ್ತುವುದಿಲ್ಲವೆಂದು ಮುಷ್ಕರ ಹೂಡಿದರು. ಒಂದಷ್ಟು ಹಣ ಬಿಡುಗಡೆಯಾಯಿತು. ಮುಂದೆ ಸಂಘವೂ ಬಲವಾಯಿತು. ನಾವು ಮೆಚ್ಚತಕ್ಕ ಹೋರಾಟ ಅದು.

ಆದರೆ ಆ ಸಂಘದ ಚಪ್ಪರದ ಕೆಳಗೆ ಹತ್ತಿ ಬಿಡಿಸುವ ಕೂಲಿಗೆ ಜಾಗವಿರಲಿಲ್ಲ. ಮೇಲಿನಿಂದ ಬಿದ್ದ ಭಾರವನ್ನು ಗೇಣಿದಾರ ಇನ್ನೂ ಕೆಳಗಿನವನ ಹೆಗಲಿಗೆ ಸರಿಸಿದ. ಆ ಕೆಳಗಿನವನಿಗೆ ಸರಿಸಲು ಇನ್ನೊಬ್ಬನಿಲ್ಲ, ನೆಲ ಮಾತ್ರ. ಸಂಘ ಕಟ್ಟಿದವರ ಊರಿಗೆ ಬಾವಿ ಬಂದಿತು, ಸಂಘವಿಲ್ಲದವರ ಕಂಬೋಗೆ ಕಾಲುವೆ ಉಳಿಯಿತು. ಮುಂದೆ ಪರೀಕ್ಷೆ ಮಾಡಿದಾಗ ರೋಗ ಊರುಗಳಿಗಿಂತ ಕಂಬೋಗಳಲ್ಲಿ ಹೆಚ್ಚೆಂದು ಕಂಡಿತು. ಕಾಯಂ ಕಾಮಗಾರರ ಸಂಘದಲ್ಲಿರುವ ನಾವು, ಬದಲಿ ಕೂಲಿಯವನನ್ನೂ ಗುತ್ತಿಗೆಯವನನ್ನೂ ಹೊರಗಿಟ್ಟು ಮಾತನಾಡುವಾಗ ಈ ಉದಾಹರಣೆಯನ್ನು ನೆನೆಯುವುದು ಒಳ್ಳೆಯದು.

ಔಷಧಿ ಇದೆ, ಸಾಲದು

ಇದಕ್ಕೆ ಔಷಧಿ ಇಲ್ಲವೇ? ಇದೆ. ೧೯೧೮ರ ಹೊತ್ತಿಗೆ ಖಾರ್ಟೂಮಿನ ವೈದ್ಯ ಕ್ರಿಸ್ಟೋಫರ್‌ಸನ್ ಆಂಟಿಮನಿಯ ಲವಣವನ್ನು ನಾಳಕ್ಕೆ ಚುಚ್ಚಿ ಗುಣಪಡಿಸಬಹುದೆಂದು ತೋರಿಸಿದ. ಆದರೆ ವಾರಗಟ್ಟಲೆ ಚುಚ್ಚುಮದ್ದು, ವಾಂತಿ, ಎದೆಬಡಿತ. ದಿನಗೂಲಿಯವನು ಅಷ್ಟು ದಿನ ಎಲ್ಲಿ ಕೂರಬೇಕು? ಈಜಿಪ್ಟಿನಲ್ಲಿ ಹಳ್ಳಿಹಳ್ಳಿಗೆ ಈ ಚುಚ್ಚುಮದ್ದು ಕೊಟ್ಟರು. ಸೂಜಿಗಳನ್ನು ಸರಿಯಾಗಿ ಕುದಿಸದೆ ಒಬ್ಬರಿಂದೊಬ್ಬರಿಗೆ ಬಳಸಿದ್ದರಿಂದ ಹೆಪಟೈಟಿಸ್ ಸಿ ಎಂಬ ಯಕೃತ್ತಿನ ರೋಗ ಲಕ್ಷಾಂತರ ಜನಕ್ಕೆ ಹರಡಿತು. ಬಡವನ ಚಿಕಿತ್ಸೆಯಲ್ಲಿ ಸೂಜಿಯ ಖರ್ಚು ಉಳಿಸಿದರೂ ಹೀಗಾಗುತ್ತದೆ.

೧೯೭೦ರ ದಶಕದಲ್ಲಿ ಪ್ರಾಜಿಕ್ವಾಂಟೆಲ್ ಎಂಬ ಗುಳಿಗೆ ಬಂದಿತು. ಮೈತೂಕಕ್ಕೆ ತಕ್ಕಂತೆ ಒಂದೇ ಸಲ ನುಂಗಿದರೆ ಹೆಚ್ಚಿನ ಹುಳುಗಳು ಸಾಯುತ್ತವೆ. ಬೆಲೆಯೂ ಅಗ್ಗ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ೨೦೨೧ರಲ್ಲಿ ಈ ರೋಗದ ತಡೆಗೆ ಔಷಧಿ ಬೇಕಾಗಿದ್ದವರು ೨೫ ಕೋಟಿಗೂ ಮೇಲ್ಪಟ್ಟು. ಹತ್ತರಲ್ಲಿ ಒಂಬತ್ತು ಪಾಲು ಆಫ್ರಿಕದಲ್ಲಿ. ಆ ವರ್ಷ ಔಷಧಿ ಮುಟ್ಟಿದ್ದು ಸುಮಾರು ಏಳೂವರೆ ಕೋಟಿ ಜನಕ್ಕೆ. ಮುಟ್ಟಿದವರ ಕಥೆಯಾದರೂ ಏನು? ಗುಳಿಗೆ ನುಂಗಿದವನು ಮರುದಿನ ಅದೇ ಕಾಲುವೆಗೆ ಇಳಿಯುತ್ತಾನೆ. ಹಳೆಯ ಹುಳು ಸತ್ತಿತು, ಹೊಸದು ಹೊಕ್ಕಿತು. ಒಡೆದ ದೋಣಿಯಿಂದ ನೀರು ಮೊಗೆದಂತೆ. ತೂತು ಮುಚ್ಚದೆ ಎಷ್ಟು ಮೊಗೆದರೇನು?

ತೂತು ಮುಚ್ಚುವುದು ಅಸಾಧ್ಯವಲ್ಲ. ಜಪಾನಿನ ಕೋಫು ಬಯಲಿನಲ್ಲಿ ಇದೇ ಕುಲದ ಹುಳು ರೈತರನ್ನು ಕಾಡುತ್ತಿತ್ತು. ಅವರು ಹೊಲದ ಕಾಲುವೆಗಳಿಗೆ ಸಿಮೆಂಟು ಹಾಕಿ ಬಸವನಹುಳುವಿನ ನೆಲೆಯನ್ನೇ ಕಿತ್ತರು. ೧೯೭೭ರ ಬಳಿಕ ಅಲ್ಲಿ ಹೊಸ ರೋಗಿ ಇಲ್ಲ. ೧೯೯೬ರಲ್ಲಿ ರೋಗ ಮುಗಿಯಿತೆಂದು ಸಾರಿದರು. ಗೆಜಿರಾದಲ್ಲಿಯೂ ೧೯೭೯ರಿಂದ ಸುಮಾರು ಹತ್ತು ವರ್ಷ ನೀಲಿ ನೈಲ್ ಆರೋಗ್ಯ ಯೋಜನೆ ಎಂಬುದು ನಡೆಯಿತು. ಗುಳಿಗೆ, ಬಸವನಹುಳುವಿನ ನಾಶ, ಶುದ್ಧ ನೀರು, ಶೌಚಾಲಯ, ತಿಳಿವಳಿಕೆ ಎಲ್ಲವನ್ನೂ ಒಟ್ಟಿಗೆ ಕೈಗೊಂಡಾಗ ರೋಗ ಗಣನೀಯವಾಗಿ ಇಳಿಯಿತು. ಹಣ ನಿಂತಿತು, ಯೋಜನೆ ನಿಂತಿತು. ರೋಗ ಮತ್ತೆ ಏರಿತು. ಸಾಧ್ಯವೆಂದು ತೋರಿಸಿ ಕೈಬಿಟ್ಟದ್ದು ಸಾಧ್ಯವೇ ಇಲ್ಲವೆಂದು ಕೈಕಟ್ಟಿ ಕುಳಿತದ್ದಕ್ಕಿಂತ ದೊಡ್ಡ ಅನ್ಯಾಯವಲ್ಲವೇ?

ಆ ಮೇಲೆ ಬಂದದ್ದು ಯುದ್ಧ. ೨೦೨೩ರ ಏಪ್ರಿಲಿನಲ್ಲಿ ಸುಡಾನಿನ ಎರಡು ಸೇನಾಬಣಗಳು ಕಾದಾಟಕ್ಕಿಳಿದವು. ಅದೇ ಡಿಸೆಂಬರಿನಲ್ಲಿ ಗೆಜಿರಾದ ಮುಖ್ಯ ಪಟ್ಟಣ ವಾದ್ ಮದನಿ ಒಂದು ಬಣದ ಕೈಗೆ ಬಿದ್ದಿತು. ೨೦೨೫ರ ಜನವರಿಯಲ್ಲಿ ಇನ್ನೊಂದು ಬಣ ಅದನ್ನು ಮರಳಿ ಹಿಡಿಯಿತು. ಆ ದಿನಗಳಲ್ಲಿ ಕಂಬೋ ತೈಬಾ ಎಂಬ ಕೂಲಿಕಾರರ ನೆಲೆಯ ಮೇಲೆ ದಾಳಿ ನಡೆದು ಜನ ಸತ್ತರು. ನೂರು ವರ್ಷ ಹತ್ತಿ ಬಿಡಿಸಿದವರ ಮಕ್ಕಳು ಇನ್ನೂ ಹೊರಗಿನವರೇ! ಬಾವಿ ಕೊಡದಿರಲು ಹೇಳಿದ ಕಾರಣವೇ ಕೊನೆಗೆ ಕೊಲ್ಲಲೂ ಕಾರಣವಾಯಿತು.

ನಮ್ಮ ಪಾಲಿನ ಕೆಲಸ

ಬಿಲ್ಹಾರ್ಜಿಯಾ ನಮ್ಮ ನಾಡಿನ ರೋಗವಲ್ಲ. ೧೯೫೨ರಲ್ಲಿ ಆಗಿನ ಮುಂಬಯಿ ರಾಜ್ಯದ ರತ್ನಾಗಿರಿ ಜಿಲ್ಲೆಯ ಗಿಮ್ವಿ ಎಂಬ ಊರಿನಲ್ಲಿ ಇದರ ಒಂದು ಸಣ್ಣ ನೆಲೆ ಕಂಡದ್ದುಂಟು, ಅಷ್ಟೇ. ಆದರೆ ನಮಗೆ ನಮ್ಮದೇ ಹುಳು ಇತ್ತು. ನಾರುಹುಣ್ಣನ್ನು ನಮ್ಮ ಉತ್ತರದ ಜಿಲ್ಲೆಗಳ ಹಿರಿಯರು ಮರೆತಿಲ್ಲ. ಮೆಟ್ಟಿಲುಬಾವಿಗೆ ಕಾಲಿಟ್ಟು ನೀರು ತುಂಬುವುದು, ಆ ನೀರನ್ನು ಕುಡಿಯುವುದು, ವರ್ಷದ ಮೇಲೆ ಕಾಲಿನಿಂದ ಗಜದುದ್ದದ ಹುಳು ಹೊರಡುವುದು, ಸರಿಯಾಗಿ ದುಡಿಮೆಯ ಕಾಲದಲ್ಲಿ ಹಾಸಿಗೆ ಹಿಡಿಯುವುದು. ಇದಕ್ಕೆ ಲಸಿಕೆ ಇರಲಿಲ್ಲ, ಕೊಲ್ಲುವ ಔಷಧಿಯೂ ಇರಲಿಲ್ಲ. ನೀರು ಸೋಸುವ ಬಟ್ಟೆ, ಮುಚ್ಚಿದ ಬಾವಿ, ಕೊಳವೆಬಾವಿ, ಮನೆಮನೆಗೆ ಹೋದ ಆರೋಗ್ಯ ಕಾರ್ಯಕರ್ತರು, ಇಷ್ಟರಿಂದಲೇ ೧೯೯೬ರ ಜುಲೈನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಡೆಯ ರೋಗಿ ಕಂಡು, ೨೦೦೦ದ ಫೆಬ್ರವರಿಯಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ನೀರಿನ ರೋಗ ನೀರಿನ ವ್ಯವಸ್ಥೆಯಿಂದಲೇ ಹೋಗುತ್ತದೆ. ಇದಕ್ಕಿಂತ ಹತ್ತಿರದ ಸಾಕ್ಷ್ಯ ಬೇಕೇ?

ಈಗ ನಮ್ಮ ಸುತ್ತ ನೋಡೋಣ. ಕಬ್ಬು ಕಡಿಯಲು ಗ್ಯಾಂಗುಗಳು ಬರುತ್ತವೆ. ಮುಂಗಡ ಕೊಟ್ಟ ಮುಕಾದಮ ಕರೆತರುತ್ತಾನೆ. ಹೊಲದ ಅಂಚಿನಲ್ಲಿ, ಕಾಲುವೆಯ ಏರಿಯ ಮೇಲೆ ಗುಡಿಸಲು ಏಳುತ್ತವೆ. ಅಲ್ಲಿ ಬಿಲ್ಹಾರ್ಜಿಯಾ ಇಲ್ಲದಿರಬಹುದು; ಆಮಶಂಕೆ ಇದೆ, ಕೊಕ್ಕೆಹುಳು ಇದೆ, ಮಕ್ಕಳ ವಾಂತಿಭೇದಿ ಇದೆ. ಅವರ ಹೆಸರು ಯಾವ ಊರಿನ ನೀರಿನ ಲೆಕ್ಕದಲ್ಲಿದೆ ಎಂದು ಕೇಳಿದರೆ, ಬಿಟ್ಟುಬಂದ ಊರಿನಲ್ಲಿ ಎನ್ನುತ್ತಾರೆ. ಮನುಷ್ಯ ಇಲ್ಲಿ, ಅವನ ಪಾಲಿನ ನೀರು ಅಲ್ಲಿ.

ಆದ್ದರಿಂದ ನಾವು ಈ ಸಭೆಯ ಮುಂದೆ ಮೂರು ಮಾತುಗಳನ್ನು ಇಡುತ್ತೇವೆ. ಒಂದು, ಸುಗ್ಗಿಯ ಗುಡಿಸಲುಗಳು ಏಳುವ ಮೊದಲೇ ಅಲ್ಲಿಗೆ ಕುಡಿಯುವ ನೀರು ಮತ್ತು ಶೌಚಾಲಯದ ಏರ್ಪಾಡಾಗಬೇಕೆಂದು ಪಂಚಾಯಿತಿಯನ್ನೂ ಕಾರ್ಖಾನೆಯ ಆಡಳಿತವನ್ನೂ ಸಂಘದ ಹೆಸರಿನಲ್ಲಿ ಲಿಖಿತವಾಗಿ ಕೇಳಬೇಕು. ಎರಡು, ಸರ್ಕಾರಿ ದವಾಖಾನೆಯವರು ವಾರಕ್ಕೊಮ್ಮೆಯಾದರೂ ಆ ಗುಡಿಸಲುಗಳಿಗೆ ಹೋಗಬೇಕು. ಹೋದರೋ ಇಲ್ಲವೋ ಎಂಬುದನ್ನು ನಮ್ಮ ಕಾರ್ಯಕರ್ತರು ನೋಡಬೇಕು. ಮೂರು, ಅವರನ್ನು ನಮ್ಮ ಸಂಘದೊಳಕ್ಕೆ ಕರೆಯಬೇಕು. ಆರು ತಿಂಗಳ ಸದಸ್ಯನಾದರೂ ಸದಸ್ಯನೇ.

ಅಂಗಡಿಯ ಬಾಂಧವರಿಗೊಂದು ಮಾತು. ಆ ಜನ ಸಂತೆಯ ದಿನ ನಿಮ್ಮಲ್ಲಿಗೆ ಬರುತ್ತಾರೆ. ಜ್ವರದ ಗುಳಿಗೆ, ಚಹಾಪುಡಿ, ಕಾಲು ಲೀಟರು ಎಣ್ಣೆ ಕೊಳ್ಳುತ್ತಾರೆ. ಅವರ ನೀರು ಎಲ್ಲಿಯದು ಎಂದು ಒಮ್ಮೆ ಕೇಳಿ, ಕೇಳಿದ್ದನ್ನು ಸಂಘಕ್ಕೆ ತಿಳಿಸಿರಿ. ಪಂಚಾಯಿತಿಗೆ ಬರೆಯುವ ಅರ್ಜಿಯಲ್ಲಿ ಯಾವ ಏರಿ, ಎಷ್ಟು ಗುಡಿಸಲು ಎಂಬ ವಿವರ ಇರಬೇಕು. ಆ ವಿವರ ಬರುವ ಭಾನುವಾರದೊಳಗೆ ನಮ್ಮ ಕೈ ಸೇರಲಿ.